ಡ್ರಮ್ಮಿನಾಗ ಗೊಬ್ಬರ ಮಜ್ಜಿಗಿ ಆತು, ಡ್ರಿಪ್ ಕಟ್ಕೊಂತು: ಗೊತ್ತಿದ್ದವರು ಹೇಳ್ರಿ

ಯಲಬುರ್ಗಾದಿಂದ:
ದಾಳಿಂಬಿ 2 ಎಕರೆ, ಬೋರ್ ನೀರು. 200 ಲೀಟರ್ ಡ್ರಮ್ಮಿನಾಗ 5 ಕೆಜಿ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಮ್ಯಾಲೆ 5 ಕೆಜಿ 12:61 (ಸಾರಜನಕ, ರಂಜಕದ ಗೊಬ್ಬರ) ಹಾಕಿದ್ವಿ. ಬೆಳ್ಳಗಾತು. ಎಷ್ಟು ತಿರುವಿದ್ರೂ ತಿಳಿ ಆಗಲಿಲ್ಲ, ಹಂಗ ಬಿಟ್ವಿ. ಈಗ ಸಾಲಿನ ಕೊನಿ ಡ್ರಿಪ್ಪರ್ ಹನಿ ಬಿಡವಲ್ಲವು. ಏನ್ ಮಾಡಬೇಕ್ರಿ?

ಕುಷ್ಟಗಿಯಿಂದ:
ತಿರುವಿದ್ರ ಹೋಗೂದಲ್ರಿ ಅದು. ಕರಗದ ಉಳಿದ ಗೊಬ್ಬರ ಅಲ್ಲ, ಕರಗಿದ ಎರಡು ಕೂಡಿ ಹುಟ್ಟಿದ ಕ್ಯಾಲ್ಸಿಯಂ ಫಾಸ್ಫೇಟ್. 12:61 ಐದು ಕೆಜಿಯಾಗ ಚೀಲದ ಮ್ಯಾಲಿನ ಲೆಕ್ಕದಂಗ 3 ಕೆಜಿ ರಂಜಕ, ನೈಟ್ರೇಟಿನಾಗ 900 ಗ್ರಾಂ ಮೀರಿ ಕ್ಯಾಲ್ಸಿಯಂ. ಬೇರಿಗೆ ಹೋಗೂ ರೊಕ್ಕ ಪೈಪಿನಾಗ ಕುಂತೈತಿ. ಎರಡು ಡ್ರಮ್ ಇಡ್ರಿ, ಬ್ಯಾರೆ ಮಾತs ಬ್ಯಾಡ. ಒಂದರಾಗ ಕ್ಯಾಲ್ಸಿಯಂ ನೈಟ್ರೇಟ್, ಬೇಕಾದ್ರ ಅದರ ಜೋಡಿ 13:0:45, ಅಂದ್ರ ಪೊಟ್ಯಾಸಿಯಂ ನೈಟ್ರೇಟ್. ಇನ್ನೊಂದರಾಗ 12:61, 0:0:50 (ಪೊಟ್ಯಾಸಿಯಂ ಸಲ್ಫೇಟ್). ಒಂದು ಬಿಟ್ಟ ಮ್ಯಾಲೆ 20 ನಿಮಿಷ ಬರೀ ನೀರು ಬಿಟ್ಟು ಇನ್ನೊಂದು ಬಿಡ್ರಿ. 0:0:50 ಕ್ಯಾಲ್ಸಿಯಂ ಜೋಡಿ ಕೂಡಿದ್ರ ಜಿಪ್ಸಂ ಆಕ್ಕೈತಿ. ಲೀಟರ್ ನೀರಿಗೆ ಎರಡೂವರಿ ಗ್ರಾಂ ಸೈತ ಕರಗೂದಿಲ್ಲ ಅದು.

ಲಿಂಗಸುಗೂರಿನಿಂದ:
ಡ್ರಮ್ಮಿಂದs ಹೇಳಿದ್ರಿ, ನೀರಿನ ಮಾತೇ ಇಲ್ಲ. ಬೋರ್ ನೀರಾಗ ಕ್ಯಾಲ್ಸಿಯಂ ಮೊದಲೇ ಕರಗಿರ್ತದ. ಎರಡು ಡ್ರಮ್ ಇಟ್ರೂ 12:61 ಪೈಪಿನಾಗ ಹೋಗಿ ಆ ನೀರಿಗೆ ಕೂಡಿದ ಮ್ಯಾಲ ಗಸಿ ಕಟ್ಟಬಹುದು. ಮೊದಲು ಆರಪಾರ ಕಾಣೋ ಬಾಟ್ಲಿಯಾಗ ಅದೇ ಬೋರಿನ ಒಂದು ಲೀಟರ್ ನೀರು ತಗೊಂಡು, ಪೈಪಿಗೆ ಹೋಗೋ ಪ್ರಮಾಣದಾಗ ಗೊಬ್ಬರ ಹಾಕಿ ಎರಡು ತಾಸು ಇಟ್ಟು ಬೆಳಕಿಗೆ ಹಿಡದು ನೋಡ್ರಿ. ಕಟ್ಟಿದ ಡ್ರಿಪ್ಪರಿಗೆ ಫಾಸ್ಫರಿಕ್ ಆ್ಯಸಿಡ್ ಬಿಡ್ರಿ. ಸ್ವಚ್ಛನೂ ಆಗ್ತದ, ಗಿಡಕ್ಕ ರಂಜಕನೂ ಸಿಗ್ತದ.

ಸಿರುಗುಪ್ಪದಿಂದ:
ಕ್ಯಾಲ್ಸಿಯಂ ನೀರು ಅಂತ ನೀವೇ ಹೇಳಿ, ಅದಕ್ಕೇ ಫಾಸ್ಫರಿಕ್ ಬಿಡ್ರಿ ಅಂತೀರಲ್ಲ! ಹುಳಿ ಇರೋತನಕ ತಿಳಿ ಇರತೈತೆ, ಹುಳಿ ಇಳಿದ ಕೂಡಲೇ ಮತ್ತೆ ಅದೇ ಫಾಸ್ಫೇಟ್ ಗಸಿ. ಸಲ್ಫ್ಯೂರಿಕ್ಕೂ ಬೇಡ, ಜಿಪ್ಸಂ ಕೂರತೈತೆ. ಹೈಡ್ರೋಕ್ಲೋರಿಕ್ಕೇ ಬೇಕು.

ಅದಕ್ಕೂ ಮುಂಚೆ ಕೊನೇ ಡ್ರಿಪ್ಪರ್ ಒಂದು ಕಿತ್ತು, ಸೀಳಿ, ಒಳಗಿನ ಬಿಳಿ ಪುಡಿ ಉಗುರಲ್ಲಿ ಕೆರೆದು ಗಾಜಿನ ತಟ್ಟೆಗೆ ಹಾಕಿ, ಎರಡು ಹನಿ ಆ್ಯಸಿಡ್ ಬಿಡಿ. ಬುಸ್ ಅಂತ ನೊರೆ ಬಂದರೆ ಸುಣ್ಣದ ಗಸಿ, ಅದು ನೀರಿನ ದೋಷ. ನೊರೆ ಇಲ್ಲದೆ ಸುಮ್ಮನೆ ಕರಗಿದರೆ ಫಾಸ್ಫೇಟ್. ಕದಲದೆ ಕೂತರೆ ಜಿಪ್ಸಂ ಇಲ್ಲಾ ರೇವೆ. ಅದಕ್ಕೆ ಆ್ಯಸಿಡ್ ದಂಡ, ಲ್ಯಾಟರಲ್ (ಡ್ರಿಪ್ಪರ್ ಕೂತಿರೋ ಸಾಲಿನ ಪೈಪು) ಕೊನೆ ಬಿಚ್ಚಿ ತೊಳೀಬೇಕು.

ಪ್ರಮಾಣ ಯಾರನ್ನೂ ಕೇಳಬೇಡಿ. ಪ್ಲಾಸ್ಟಿಕ್ ಬಕೆಟ್ಟಲ್ಲಿ ಅದೇ ಬೋರಿನ 10 ಲೀಟರ್ ನೀರಿಗೆ ಮಿಲಿ ಲೆಕ್ಕದಲ್ಲಿ ಹಾಕುತ್ತಾ ಪಿಎಚ್ ಕಾಗದದಲ್ಲಿ (ಹುಳಿ ಎಷ್ಟು ಅಂತ ಬಣ್ಣದಲ್ಲಿ ತೋರಿಸೋ ಕಾಗದ) 2ಕ್ಕೆ ಬರೋವರೆಗೆ ಎಷ್ಟು ಹಿಡಿತು ಬರೆದುಕೊಳ್ಳಿ. ಅದೇ ಲೆಕ್ಕದಲ್ಲಿ ಡ್ರಿಪ್ಪಿನ ನೀರಿಗೆ ಬಿಡಿ. ಕೊನೇ ಡ್ರಿಪ್ಪರಿನ ಹನಿಯಲ್ಲೂ ಅದೇ ಬಣ್ಣ ಬಂದಾಗ ಮೋಟರ್ ನಿಲ್ಲಿಸಿ, ಒಂದು ತಾಸು ಬಿಟ್ಟು ಕೊನೆ ಬಿಚ್ಚಿ ತೊಳೀರಿ. ನೀರಿಗೆ ಆ್ಯಸಿಡ್, ಆ್ಯಸಿಡ್ಡಿಗೆ ನೀರಲ್ಲ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಹತ್ತಿರ ಬ್ಲೀಚಿಂಗ್ ಪುಡಿ ಇರಲೇಬಾರದು, ಕ್ಲೋರಿನ್ ಅನಿಲ ಏಳತೈತೆ.

ಲಿಂಗಸುಗೂರಿನಿಂದ:
ಫಾಸ್ಫರಿಕ್ ಬಿಟ್ಟು ತೊಳೀದೇ ಬಿಡ್ರಿ ಅಂತ ನಾ ಎಲ್ಲಿ ಹೇಳೀನ್ರಿ? ಹುಳಿ ಇಳಿಯೂದರಾಗ ತೊಳದ್ರ ಗಸಿ ಎಲ್ಲಿಂದ ಬರ್ತದ? ಓದೂದು ಪೂರಾ ಓದ್ರಿ.

ಕುಷ್ಟಗಿಯಿಂದ:
ಇಬ್ಬರೂ ಆ್ಯಸಿಡ್ ಹಿಡ್ಕೊಂಡು ಕುಂತೀರಿ. ತಪ್ಪು ಬಕೆಟ್ಟಿನಾಗs ಸುರು ಆಕ್ಕೈತಿ. 20 ಡಿಗ್ರಿಯಾಗ 20 ಲೀಟರ್ ನೀರು 0:0:50 ಹಿಡಿಯೂದು ಬರೀ 2.2 ಕೆಜಿ. ಮಂದಿ 5 ಕೆಜಿ ಸುರುವಿ "ಮಾಲು ಕಲಬೆರಕಿ" ಅಂತ ಅಂಗಡಿಯವರ ಮ್ಯಾಲೆ ಹರಿಹಾಯ್ತಾರ. 13:0:45 ಆದ್ರ 6 ಕೆಜಿ ಹಿಡೀತೈತಿ, ಆದ್ರ ಕರಗೂವಾಗ ನೀರು ತಣ್ಣಗಾಕ್ಕೈತಿ, ಬಕೆಟ್ಟಿನ ಹೊರಗ ಬೆವರು ಕೂಡ್ತೈತಿ. ತಣ್ಣಗಾದಷ್ಟು ಕಡಿಮಿ ಕರಗತೈತಿ. ಅರ್ಧ ಹಾಕಿ ಬಿಸಿಲಿಗೆ ಇಟ್ಟು ಉಳದಿದ್ದು ಹಾಕ್ರಿ. ತಳದಾಗ ಒಂದು ಹರಳು ಇದ್ರೂ ವೆಂಚುರಿಗೆ (ಗೊಬ್ಬರದ ನೀರು ಪೈಪಿಗೆ ಎಳಕೊಳ್ಳೂ ಸಾಧನ) ಬಿಡಬ್ಯಾಡ್ರಿ. ಬೆಳ್ಳಗಾದದ್ದು ಯಾವುದಿದ್ರೂ ಚೆಲ್ಲೂದs.

ಗಂಗಾವತಿಯಿಂದ:
ಯಾವುದಿದ್ರೂ ಅಂದ್ರ ಹ್ಯಾಂಗ್ರಿ? ರೋಗಕ್ಕ ಗಿಡಕ್ಕ ಹೊಡಿಯೂ ಬೋರ್ಡೋ ದ್ರಾವಣ ಕದಡಿದಂಗs ಇರಬೇಕು. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಕದಡದs ಆರಪಾರ ಕಾಣೂ ನೀಲಿ ನೀರು ಉಳೀತಂದ್ರ ತಾಮ್ರ ಇನ್ನೂ ಕರಗಿದಂಗs ಐತಿ, ಎಲಿ ಸುಡತೈತಿ.

ಕುಷ್ಟಗಿಯಿಂದ:
ಬೋರ್ಡೋ ಡ್ರಿಪ್ಪಿಗೆ ಯಾರು ಬಿಡ್ತಾರ್ರಿ? ಇಲ್ಲಿ ಡ್ರಿಪ್ಪಿನ ಮಾತು ನಡದೈತಿ.

ಗಂಗಾವತಿಯಿಂದ:
ಕೇಳಿದವರದು ದಾಳಿಂಬಿ, ಅಂಗಮಾರಿಗೆ ನಾಳೆ ಅದನ್ನs ಹೊಡೀತಾರ. ನಿಮ್ಮ ಮಾತು ಓದಿ ಚೆಲ್ಲಿದ್ರ? ಅದಕ್ಕ ಹೇಳೀನಿ. ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ತಿರುವಿಕೋತ ಹಾಕ್ರಿ, ಕಬ್ಬಿಣದ ಪಾತ್ರಿ ಬ್ಯಾಡ. ಉಜ್ಜಿದ ಕುಡುಗೋಲು ಅದ್ದಿ ನೋಡ್ರಿ, ಅಲಗಿಗೆ ಕೆಂಪು ತಾಮ್ರ ಹತ್ತಿದ್ರ ಸುಣ್ಣ ಸಾಲದು.

ಸಿರುಗುಪ್ಪದಿಂದ:
ಕುಡುಗೋಲಿನ ಜೊತೆ ಪಿಎಚ್ ಕಾಗದನೂ ಅದ್ದಿ. ಸುಣ್ಣ ಹಳೇದಾಗಿದ್ದರೆ ತೂಕ ಸರಿ ಇದ್ದರೂ ಸಾಲಲ್ಲ. ಯಲಬುರ್ಗಾದವರೇ, ಡ್ರಿಪ್ಪರ್ ಸೀಳಿದಿರಾ? ನೊರೆ ಬಂತಾ?

ಯಲಬುರ್ಗಾದಿಂದ:
ಮೂರು ಸೀಳಿದ್ವಿ. ಎರಡರಾಗ ನೊರಿ ಇಲ್ಲ, ಸುಮ್ಮನ ಕರಗಿತು. ಒಂದರಾಗ ಬುಸ್ ಅಂತು.