ಸಹಾಯ ಬೇಕು: ಪೇಸ್‌ಮೇಕರ್ ಇರುವ ಅಪ್ಪನಿಗೆ ಎಂಆರ್‌ಐ ಮಾಡಿಸಬಹುದಾ, ಇಲ್ಲಾ ಪೆಟ್ ಸ್ಕ್ಯಾನಾ?

ಎಲ್ಲರಿಗೂ ನಮಸ್ಕಾರ, ನಾವು ಹಾಸನದವರು. ಅಪ್ಪನಿಗೆ 68 ವರ್ಷ. ಕೆಲವು ತಿಂಗಳಿಂದ ರಾತ್ರಿ ಹೊತ್ತು ನಡುಮನೆಯಲ್ಲಿ ಯಾರೋ ಮಕ್ಕಳು ಓಡಾಡುತ್ತಿದ್ದಾರೆ ಎನ್ನುತ್ತಾರೆ, ಅಮ್ಮನ ಮೇಲೆ ಸುಮ್ನೆ ಅನುಮಾನ ಪಡುತ್ತಾರೆ, ಕೈ ನಡುಗುತ್ತದೆ, ನಡಿಗೆಯೂ ನಿಧಾನವಾಗಿದೆ. ಮನೋವೈದ್ಯರು ನರರೋಗ ತಜ್ಞರಿಗೂ ತೋರಿಸಿ ಅಂದರು.

ಸಿಟಿ ಸ್ಕ್ಯಾನ್ ಇಲ್ಲೇ ಆಯಿತು. ರಕ್ತಸ್ರಾವ ಇಲ್ಲ, ದೊಡ್ಡ ಗಡ್ಡೆ ಇಲ್ಲ. ಅಷ್ಟು ಸಮಾಧಾನ. ಆದರೆ ಹಳೆಯ ಸಣ್ಣ ಸ್ಟ್ರೋಕ್‌ಗಳು, ಮಿದುಳಿನ ಯಾವ ಭಾಗ ಕುಗ್ಗಿದೆ ಅನ್ನೋದು ಎಂಆರ್‌ಐನಲ್ಲಿ ಜಾಸ್ತಿ ಸ್ಪಷ್ಟ ಅಲ್ವಾ? ಎಲ್ಲಾ ಪೇಸ್‌ಮೇಕರ್‌ಗೂ ಎಂಆರ್‌ಐ ಆಗುವುದಿಲ್ಲ, ಆಗುವಂಥದ್ದಾದರೂ ಮೊದಲು ಅದರ ಸೆಟ್ಟಿಂಗ್ ಬದಲಿಸಿ, ಸ್ಕ್ಯಾನ್ ಮುಗಿಯುವ ತನಕ ಹೃದಯ ಬಡಿತ ನೋಡುತ್ತಾ ಇರಬೇಕು. ಮಾಡೆಲ್ ನಂಬರ್ ಇರುವ ಕಾರ್ಡ್ ನಮ್ಮ ಹತ್ತಿರ ಇದೆ.

ಚಿಕ್ಕಪ್ಪ ಪೆಟ್ ಸ್ಕ್ಯಾನ್ ಮಾಡಿಸಿದರೆ ಎಲ್ಲಾ ಗೊತ್ತಾಗುತ್ತದೆ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಿದುಳು ಎಲ್ಲಿ ಗ್ಲೂಕೋಸ್ ಕಡಿಮೆ ಬಳಸುತ್ತಿದೆ ಅಂತ ಅದು ತೋರಿಸುತ್ತದೆ, ಆಲ್ಝೈಮರ್ ಅಥವಾ ಲ್ಯೂಯಿ ಬಾಡಿ (ಬುದ್ಧಿ ಮಂಕಾಗುವುದರ ಜೊತೆ ಭ್ರಮೆ, ನಡುಕ, ನಿಧಾನ ನಡಿಗೆ ಬರುವ ಮಿದುಳಿನ ಕಾಯಿಲೆ) ಥರದ ಕಾಯಿಲೆಗಳಲ್ಲಿ ಯಾವುದಿರಬಹುದು ಅಂತ ಯೋಚಿಸಲು ನೆರವಾಗುತ್ತದೆ, ಆದರೆ ವೈದ್ಯರು ಕೂತು ಪರೀಕ್ಷೆ ಮಾಡದೆ ಸ್ಕ್ಯಾನ್ ಒಂದೇ ಉತ್ತರ ಕೊಡುವುದಿಲ್ಲ. ಲ್ಯೂಯಿ ಬಾಡಿ ಇದ್ದರೆ ಭ್ರಮೆಗೆ ಕೊಡುವ ಕೆಲವು ಮಾತ್ರೆಗಳು ತುಂಬಾ ಅಪಾಯ, ನನಗೆ ಹೆದರಿಕೆ ಇರುವುದೇ ಅದಕ್ಕೆ.

ಪೇಸ್‌ಮೇಕರ್ ಇರುವವರಿಗೆ ಹಾಸನದಲ್ಲೋ ಮಂಗಳೂರಿನಲ್ಲೋ ಮಿದುಳಿನ ಎಂಆರ್‌ಐ ಮಾಡಿಸಿದವರು ಇದ್ದೀರಾ? ಅಥವಾ ನೇರ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ, ಯಾವ ಸ್ಕ್ಯಾನ್ ಅಂತ ಅವರೇ ಹೇಳಲಿ ಅಂತ ಬಿಡುವುದು ಒಳ್ಳೆಯದಾ? ಗೊತ್ತಿದ್ದವರು ದಯವಿಟ್ಟು ಬೇಗ ತಿಳಿಸಿ.