ಬೆಳಿಗ್ಗೆ ಮೊದಲ ಸಲ ಆನ್ ಮಾಡಿದಾಗ ಮಾತ್ರ ಡೆಸ್ಕ್‌ಟಾಪ್ ಬೂಟ್ ಆಗುತ್ತಿಲ್ಲ: ದೋಷ ಎಸ್‌ಎಂಪಿಎಸ್‌ನದೋ, ರ‍್ಯಾಮ್‌ನದೋ?

ಪ್ರಶ್ನೆ

ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಈಗ ಸುಮಾರು ಏಳು ವರ್ಷ. ಕೆಲವು ವಾರಗಳಿಂದ, ಬೆಳಿಗ್ಗೆ ಮೊದಲ ಸಲ ಪವರ್ ಬಟನ್ ಒತ್ತಿದಾಗ ಫ್ಯಾನುಗಳು ಒಂದೆರಡು ಸೆಕೆಂಡು ತಿರುಗಿ ನಿಂತುಬಿಡುತ್ತವೆ. ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಮತ್ತೆ ತಿರುಗುತ್ತವೆ, ಮತ್ತೆ ನಿಲ್ಲುತ್ತವೆ. ಹೀಗೆ ಹಲವು ಸಲ ಆದಮೇಲೆ ಡಿಸ್‌ಪ್ಲೇ ಬಂದು ವಿಂಡೋಸ್ ತೆರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ದಿನವಿಡೀ ಯಾವ ತೊಂದರೆಯೂ ಇಲ್ಲ, ರೀಸ್ಟಾರ್ಟ್ ಕೂಡ ಸರಾಗವಾಗಿ ಆಗುತ್ತದೆ. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುವುದು ನನ್ನ ರೂಢಿ. ರ‍್ಯಾಮ್ ತೆಗೆದು ಒರೆಸಿ ಮತ್ತೆ ಕೂರಿಸಿದರೂ ಬದಲಾವಣೆ ಕಾಣಲಿಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿ ಎಂದು ಒಬ್ಬರು, ಮದರ್‌ಬೋರ್ಡೇ ಹೋಗಿದೆ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಹಣ ಖರ್ಚು ಮಾಡುವ ಮುನ್ನ ದೋಷ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಮೊದಲ ಉತ್ತರ

ವಿಂಡೋಸ್ ವಿಚಾರವನ್ನು ಸದ್ಯಕ್ಕೆ ಬಿಟ್ಟುಬಿಡಿ. ನಿಮ್ಮ ಯಂತ್ರ ಡಿಸ್ಕನ್ನು ಓದುವ ಹಂತಕ್ಕೆ ಬರುವ ಮೊದಲೇ ನಿಲ್ಲುತ್ತಿದೆ.

ಬಟನ್ ಒತ್ತಿದೊಡನೆ ಮದರ್‌ಬೋರ್ಡು 24 ಪಿನ್ ಕನೆಕ್ಟರಿನ ಹಸಿರು ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ (ಯಂತ್ರದ ಭಾಗಗಳಿಗೆಲ್ಲ ವಿದ್ಯುತ್ತು ಒದಗಿಸುವ ಪೆಟ್ಟಿಗೆಗೆ) ಸೂಚನೆ ಕೊಡುತ್ತದೆ. 12, 5 ಮತ್ತು 3.3 ವೋಲ್ಟುಗಳ ಸರಬರಾಜು ಸ್ಥಿರವಾದ ಮೇಲೆ, 100ರಿಂದ 500 ಮಿಲಿಸೆಕೆಂಡಿನೊಳಗೆ, ಎಸ್‌ಎಂಪಿಎಸ್ ಬೂದು ಬಣ್ಣದ ತಂತಿಯಲ್ಲಿ ‘ಪವರ್ ಗುಡ್’ ಎಂಬ ಸಂಕೇತವನ್ನು ಕಳುಹಿಸುತ್ತದೆ. ಆ ಸಂಕೇತ ಬರುವವರೆಗೂ ಪ್ರೊಸೆಸರ್ ಕೆಲಸ ಆರಂಭಿಸುವುದಿಲ್ಲ. ಬಂದ ಸಂಕೇತ ನಡುವೆ ತಪ್ಪಿದರೆ ಎಲ್ಲವೂ ಮೊದಲಿನಿಂದ ಶುರುವಾಗಬೇಕು. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ (ವಿದ್ಯುತ್ತನ್ನು ಹಿಡಿದಿಟ್ಟು ವೋಲ್ಟೇಜನ್ನು ಸ್ಥಿರವಾಗಿಡುವ ಬಿಡಿಭಾಗಗಳ) ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗಿ, ಅವುಗಳ ಸಾಮರ್ಥ್ಯ ಕುಗ್ಗಿ ಒಳರೋಧ ಹೆಚ್ಚುತ್ತದೆ. ತಣ್ಣಗಿರುವಾಗ ಈ ಕೊರತೆ ಹೆಚ್ಚು, ಬಿಸಿಯೇರಿದಂತೆ ಕಡಿಮೆ. ಬೆಳಿಗ್ಗೆ ತಕರಾರು ಮಾಡಿ, ನಾಲ್ಕಾರು ಯತ್ನಗಳ ನಂತರ ಸರಿಹೋಗುವ ನಿಮ್ಮ ಯಂತ್ರದ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ರೀಸ್ಟಾರ್ಟ್ ಸರಾಗವಾಗಿದೆ ಎಂಬುದರಿಂದ ಎಸ್‌ಎಂಪಿಎಸ್ ಸರಿಯಿದೆ ಎಂದು ಭಾವಿಸಬೇಡಿ. ಸಾಮಾನ್ಯ ರೀಸ್ಟಾರ್ಟಿನಲ್ಲಿ ಅದು ಆಫ್ ಆಗುವುದೇ ಇಲ್ಲ.

ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳನ್ನೂ ಟಾರ್ಚ್ ಹಿಡಿದು ನೋಡಿ. ತಲೆ ಉಬ್ಬಿದ್ದರೆ ಅಥವಾ ಬುಡದಲ್ಲಿ ಕಂದು ಕಲೆ ಕಂಡರೆ ಮದರ್‌ಬೋರ್ಡಿನ ಮೇಲಿನ ಅನುಮಾನಕ್ಕೂ ಆಧಾರವಿದೆ. ಒಂದು ರಾತ್ರಿ ಗೋಡೆಯ ಸ್ವಿಚ್ಚನ್ನು ಆರಿಸದೆ ಬಿಟ್ಟು, ಬೆಳಿಗ್ಗೆ ಏನಾಗುತ್ತದೆ ಎಂದು ತಿಳಿಸಿ.

ಎರಡನೆಯ ಉತ್ತರ

ಮೇಲಿನವರ ತರ್ಕ ಸರಿಯಾಗಿದೆ, ಆದರೆ ರ‍್ಯಾಮ್ ಅನ್ನು ಒರೆಸಿದ ಮಾತ್ರಕ್ಕೆ ಅದನ್ನು ಅನುಮಾನದಿಂದ ಕೈಬಿಡಲಾಗದು. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನದೇ ತಂತ್ರಾಂಶದಲ್ಲಿ) ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಸಾಮಾನ್ಯಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಚಾಲನೆಯಲ್ಲಿದ್ದು ರ‍್ಯಾಮ್ ಆ ವೇಗಕ್ಕೆ ಒಗ್ಗದಿದ್ದರೆ, ಅನೇಕ ಮದರ್‌ಬೋರ್ಡುಗಳು ಇದೇ ರೀತಿ ಆರಿ, ಹತ್ತಿ, ಕಡೆಗೆ ಸುರಕ್ಷಿತ ವೇಗಕ್ಕೆ ಇಳಿದು ಬೂಟ್ ಆಗುತ್ತವೆ. ಆದ್ದರಿಂದ ಎಕ್ಸ್‌ಎಂಪಿಯನ್ನು ಆಫ್ ಮಾಡಿ, ಕೈಪಿಡಿ ಸೂಚಿಸುವ ಸ್ಲಾಟಿನಲ್ಲಿ ಒಂದೇ ರ‍್ಯಾಮ್ ಇಟ್ಟು ನೋಡಿ; ನಾಲ್ಕು ಸ್ಲಾಟುಗಳಿರುವ ಬೋರ್ಡಿನಲ್ಲಿ ಅದು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು.

ಗೋಡೆಯ ಸ್ವಿಚ್ ಆರಿಸಿದಾಗ ಗಡಿಯಾರವನ್ನು ಉಳಿಸುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಮಾಸ್ ಬ್ಯಾಟರಿಯೊಂದೇ. ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಅಥವಾ ಬಯಾಸ್ ಸೆಟ್ಟಿಂಗುಗಳು ಅಳಿಸಿಹೋಗುತ್ತಿದ್ದರೆ ಮೊದಲು ಅದನ್ನು ಬದಲಿಸಿ. ಹೆಚ್ಚಿನ ಬೋರ್ಡುಗಳಲ್ಲಿ ಇರುವುದು 3 ವೋಲ್ಟಿನ ಸಿಆರ್2032. ಪವರ್ ಬಟನ್ ಒಳಗೇ ಸಿಕ್ಕಿಕೊಂಡರೂ ಯಂತ್ರ ಆರುತ್ತದೆ, ಆದರೆ ಅದಕ್ಕೆ ಸುಮಾರು 4 ಸೆಕೆಂಡು ಬೇಕು. ನಿಮ್ಮದು ಅದಕ್ಕೂ ಬೇಗ ನಿಲ್ಲುತ್ತಿರುವುದರಿಂದ ಬಟನ್ನಿನ ಮೇಲೆ ನನಗೆ ಹೆಚ್ಚು ಅನುಮಾನವಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಸ್ವಿಚ್ ಆರಿಸದೆ ಬಿಟ್ಟಾಗ ತೊಂದರೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ದಿನಾಂಕ, ಸಮಯ, ಸೆಟ್ಟಿಂಗುಗಳು ಯಾವಾಗಲೂ ಸರಿಯಾಗಿಯೇ ಇವೆ. ಎಕ್ಸ್‌ಎಂಪಿ ಆಫ್ ಮಾಡಿ, ಎರಡು ರ‍್ಯಾಮ್‌ಗಳನ್ನೂ ಬೇರೆಬೇರೆಯಾಗಿ ಹಾಕಿ ನೋಡಿದೆ, ಅದೇ ಪರಿಸ್ಥಿತಿ. ಉಬ್ಬಿದ ಕೆಪಾಸಿಟರ್ ಯಾವುದೂ ಕಾಣಿಸಲಿಲ್ಲ. ಆದರೆ ಬಯಾಸ್‌ನಲ್ಲಿ 12 ವೋಲ್ಟಿನ ಸಾಲು ಸರಿಯಾಗಿ 12 ಎಂದೇ ತೋರಿಸುತ್ತಿದೆ. ಹಾಗಿದ್ದರೆ ಎಸ್‌ಎಂಪಿಎಸ್ ಸರಿಯಿದೆ ಎಂದು ಅರ್ಥವೇ?

ಮೊದಲ ಉತ್ತರ ಬರೆದವರಿಂದ

ಹಾಗೆ ಅರ್ಥವಲ್ಲ. 12 ವೋಲ್ಟಿನ ಸಾಲು 11.4ರಿಂದ 12.6ರೊಳಗೆ ಇರಬೇಕೆಂಬುದು ನಿಯಮ. ಬಯಾಸ್ ಪರದೆಯನ್ನು ನೀವು ನೋಡುವ ಹೊತ್ತಿಗೆ ಯಂತ್ರ ಆ ಕಷ್ಟದ ಘಳಿಗೆಯನ್ನು ದಾಟಿಯಾಗಿರುತ್ತದೆ. ಮೊದಲ ಅರ್ಧ ಸೆಕೆಂಡಿನ ಏರಿಳಿತವನ್ನು ಸಾಮಾನ್ಯ ಮಲ್ಟಿಮೀಟರ್ ಕೂಡ ಹಿಡಿಯಲಾರದು. ಹಸಿರು ಮತ್ತು ಕಪ್ಪು ತಂತಿಗಳನ್ನು ಪೇಪರ್ ಕ್ಲಿಪ್ಪಿನಿಂದ ಜೋಡಿಸಿ ಫ್ಯಾನ್ ತಿರುಗುವುದನ್ನು ನೋಡುವ ಪರೀಕ್ಷೆಯಲ್ಲಿ ಎಸ್‌ಎಂಪಿಎಸ್ ಮೇಲೆ ಹೊರೆಯೇ ಬೀಳುವುದಿಲ್ಲವಾದ್ದರಿಂದ ನಿಮ್ಮ ಸಮಸ್ಯೆಗೆ ಅದರಿಂದ ಉತ್ತರ ಸಿಗದು.

ಗಡಿಯಾರ ಸರಿಯಿರುವುದರಿಂದ ಬ್ಯಾಟರಿಯನ್ನು ಬಿಡಬಹುದು. ಸ್ವಿಚ್ ಹಾಕಿಯೇ ಇದ್ದಾಗ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ಭಾಗ ರಾತ್ರಿಯಿಡೀ ಕೆಲಸ ಮಾಡುತ್ತಾ ಒಳಗನ್ನು ತುಸು ಬೆಚ್ಚಗಿಡುತ್ತದೆ. ತೊಂದರೆ ಕಡಿಮೆಯಾದದ್ದು ಅದರಿಂದಲೇ ಇರಬೇಕು. ಈಗ ಉಳಿದಿರುವುದು, ಸರಿಯಾಗಿ ಕೆಲಸ ಮಾಡುತ್ತಿರುವ, ಸಾಕಷ್ಟು ವಾಟ್ ಸಾಮರ್ಥ್ಯದ ಬೇರೊಂದು ಎಸ್‌ಎಂಪಿಎಸ್ ಅನ್ನು ಕೇಳಿ ತಂದು ಹಾಕಿ ನೋಡುವುದು. 24 ಪಿನ್ನಿನದರ ಜೊತೆಗೆ ಪ್ರೊಸೆಸರಿನ ಪಕ್ಕದ ಕನೆಕ್ಟರನ್ನೂ, ಗ್ರಾಫಿಕ್ಸ್ ಕಾರ್ಡಿಗೆ ಬೇಕಿದ್ದರೆ ಅದರದನ್ನೂ ಪೂರ್ತಿ ಒಳಗೆ ಒತ್ತಿ. ಯಂತ್ರ ಬಿಸಿಯಿರುವಾಗಲೇ ಪರೀಕ್ಷಿಸಿದರೆ ಯಾವ ಎಸ್‌ಎಂಪಿಎಸ್ ಹಾಕಿದರೂ ಬೂಟ್ ಆಗುತ್ತದೆ; ಆದ್ದರಿಂದ ಸಂಜೆ ಬದಲಿಸಿ, ಗೋಡೆಯ ಸ್ವಿಚ್ ಆರಿಸಿ, ಬೆಳಿಗ್ಗೆಯೇ ನೋಡಿ. ಹಳೆಯದನ್ನು ಮಾತ್ರ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ನಂತರವೂ ಅದರ ದೊಡ್ಡ ಕೆಪಾಸಿಟರಿನಲ್ಲಿ ಪ್ರಾಣಕ್ಕೇ ಅಪಾಯ ತರುವಷ್ಟು ವಿದ್ಯುತ್ತು ಉಳಿದಿರಬಹುದು.

ಪ್ರಶ್ನೆ ಕೇಳಿದವರಿಂದ

ಸ್ನೇಹಿತರ ಎಸ್‌ಎಂಪಿಎಸ್ ಹಾಕಿದ ಮೇಲೆ, ನೀವು ಹೇಳಿದಂತೆ ಸ್ವಿಚ್ ಆರಿಸಿಟ್ಟ ಪ್ರತಿ ಬೆಳಿಗ್ಗೆಯೂ ಮೊದಲ ಒತ್ತಿಗೇ ಬೂಟ್ ಆಗುತ್ತಿದೆ. ಹಳೆಯದನ್ನು ಮತ್ತೆ ಹಾಕಿ ನೋಡಿದಾಗ ತೊಂದರೆಯೂ ಮರಳಿತು. ಹೊಸದನ್ನು ಕೊಳ್ಳುತ್ತೇನೆ. ಹಳೆಯದು ಕೇಬಲ್ ಬಿಡಿಸಬಹುದಾದ ಮಾಡ್ಯುಲರ್ ಬಗೆಯದು. ಅದರ ಕೇಬಲುಗಳನ್ನು ಹಾಗೆಯೇ ಬಿಟ್ಟು, ಎಸ್‌ಎಂಪಿಎಸ್ ಪೆಟ್ಟಿಗೆಯನ್ನಷ್ಟೇ ಬದಲಿಸಬಹುದೇ?

ಎರಡನೆಯ ಉತ್ತರ ಬರೆದವರಿಂದ

ದಯವಿಟ್ಟು ಹಾಗೆ ಮಾಡಬೇಡಿ. ಮದರ್‌ಬೋರ್ಡಿನ ಕಡೆಯ ತುದಿಗೆ ನಿಗದಿತ ಪ್ರಮಾಣವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥದ್ದಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಪಿನ್‌ಗಳ ಕ್ರಮ ಬೇರೆಯಾಗಿರಬಹುದು. ಪ್ಲಗ್ ಸರಿಯಾಗಿ ಕೂತರೂ 5 ವೋಲ್ಟ್ ಹೋಗಬೇಕಾದ ಪಿನ್ನಿಗೆ 12 ವೋಲ್ಟ್ ಹೋಗಿ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಸುಟ್ಟುಹೋಗುವ ಅಪಾಯವಿದೆ. ಹಳೆಯ ಕೇಬಲುಗಳನ್ನೆಲ್ಲ ತೆಗೆದು, ಹೊಸ ಎಸ್‌ಎಂಪಿಎಸ್ ಜೊತೆ ಬಂದವನ್ನೇ ಎಳೆಯಿರಿ.