ಅಪ್‌ಡೇಟ್: 9ನೇ ತರಗತಿಯ ಶಕ್ತಿ ಪಾಠಕ್ಕೆ ಕೊನೆಗೂ ದಾರಿ ಸಿಕ್ತು

ಹೋದ ವಾರ ಕೇಳಿದ್ದೆ: ಕನ್ನಡ ಮಾಧ್ಯಮದ ಮಕ್ಕಳಿಗೆ ಕೆಲಸ-ಶಕ್ತಿ ಪಾಠ ಮಾಡಬೇಕು, ಲ್ಯಾಬ್ ಇಲ್ಲ, ನೆಟ್ ಬಂದರೆ ಬಂತು, ಏನು ತೋರಿಸಲಿ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಪುಸ್ತಕದ ಕ್ಯೂಆರ್ ಕೋಡ್‌ನ ವಿಡಿಯೋ ನಮ್ಮೂರ ಸಿಗ್ನಲ್‌ಗೆ ಓಡಲಿಲ್ಲ. ಕೈಹಿಡಿದದ್ದು ಫೆಟ್ (PhET) ಸಿಮ್ಯುಲೇಶನ್, ಅಂದ್ರೆ ಕಂಪ್ಯೂಟರ್ ಪರದೆ ಮೇಲೆ ನಾವೇ ಮಾಡಿ ನೋಡೋ ಪ್ರಯೋಗಗಳು. ಕೊಲರಾಡೊ ವಿಶ್ವವಿದ್ಯಾಲಯದವರದು, ಉಚಿತ. ಮನೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದೆ, ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೀತು. ಕೆಲವು ಕನ್ನಡದಲ್ಲೇ ಇವೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ!

ಅದರಲ್ಲಿನ ಸ್ಕೇಟಿಂಗ್ ಆಟದಲ್ಲಿ ಘರ್ಷಣೆ ಹೆಚ್ಚಿಸಿದೆವು. ಸ್ಕೇಟರ್ ನಿಧಾನವಾಗುತ್ತಾ ಹೋದಂತೆ ಪಕ್ಕದಲ್ಲಿ ಉಷ್ಣದ ಪಟ್ಟಿ ಏರುತ್ತಾ ಬಂತು. ಹಿಂದಿನ ಬೆಂಚಿನ ಹುಡುಗಿ ಅಂಗೈ ಉಜ್ಜಿ ಕೆನ್ನೆಗಿಟ್ಟುಕೊಂಡು, "ಮಿಸ್, ಶಕ್ತಿ ಇಲ್ಲಿಗೆ ಬಂತಲ್ವಾ?" ಅಂದಳು. ಆ ಕ್ಷಣ ಮರೆಯೋಕಾಗಲ್ಲ.

ಕರೆಂಟ್ ಬಿಲ್ ತರಿಸಿ ಅಂದವರಿಗೆ ವಿಶೇಷ ಧನ್ಯವಾದ. ಬಿಲ್‌ನ 1 ಯೂನಿಟ್ ಅಂದ್ರೆ 36 ಲಕ್ಷ ಜೂಲ್ (ಶಕ್ತಿಯನ್ನು ಅಳೆಯೋ ಮಾನ). 50 ಕೆ.ಜಿ. ತೂಕದವರು 3 ಮೀಟರ್ ಎತ್ತರದ ಮೆಟ್ಟಿಲು ಹತ್ತಿದರೆ ಸುಮಾರು 1,500 ಜೂಲ್. ಮಕ್ಕಳೇ ಭಾಗಿಸಿದರು: ಒಂದು ಯೂನಿಟ್‌ಗೆ 2,400 ಸಲ ಹತ್ತಬೇಕು! ಮರುದಿನ ಊಟದ ಬೆಲ್ ಆದಾಗ ಹೇಳದೇ ಫ್ಯಾನ್ ಆರಿಸಿ ಹೋಗಿದ್ದರು.